ದೀರ್ಘಕಾಲ ಹಾಸಿಗೆ ಹಿಡಿದವರಲ್ಲಿ ರಕ್ತ ಹೆಪ್ಪುಗಟ್ಟುವಿಕೆ: ಆರೈಕೆ ಮಾಡುವವರ ಗಮನಕ್ಕೆ

ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ, ಕ್ಯಾನ್ಸರ್ ಮುಂತಾದ ಕಾರಣಗಳಿಂದ ಹಾಸಿಗೆ ಹಿಡಿದವರ ಕಾಲಿನ ಒಳ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಸಂಭವವಿರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದತ್ತ ತಳ್ಳುತ್ತವೆ. ಚಲನೆ ನಿಂತಲ್ಲಿ ರಕ್ತದ ಹರಿವು ನಿಧಾನಗೊಳ್ಳುತ್ತದೆ. ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದಲ್ಲಿ ಪ್ರಾಣಾಪಾಯ ಉಂಟಾಗಬಹುದು.

ಲಕ್ಷಣಗಳು:
ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ ಊತ, ನೋವು, ಬಿಸಿ ಹಾಗೂ ಚರ್ಮದ ಬಣ್ಣದಲ್ಲಿ ಬದಲಾವಣೆ ಕಂಡುಬರುತ್ತದೆ. ಇಂತಹ ಕಾಲಿಗೆ ಎಣ್ಣೆ ಹಚ್ಚಿ ನೀವುವುದು, ತಿಕ್ಕುವುದು ಕೂಡದು. ಇದರಿಂದ ಹೆಪ್ಪು ಕಳಚುವ ಅಪಾಯವಿದೆ. ರೋಗಿಯನ್ನು ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ಡಾಪ್ಲರ್ ಸ್ಕ್ಯಾನಿಂಗ್ ಮೂಲಕ ಹೆಪ್ಪನ್ನು ಪತ್ತೆ ಮಾಡಲಾಗುತ್ತದೆ.

ಮುನ್ನೆಚ್ಚರಿಕೆ ಕ್ರಮಗಳು:
1. ವೈದ್ಯರ ಸಲಹೆಯಂತೆ ರೋಗಿಯ ಪಾದ ಹಾಗೂ ಕಾಲುಗಳನ್ನು ದಿನಕ್ಕೆ ಹಲವು ಬಾರಿ ಆಡಿಸುವುದು. ಸಾಧ್ಯವಿದ್ದವರನ್ನು ಎಬ್ಬಿಸಿ ಕೂರಿಸುವುದು, ನಡೆಸುವುದು.
2. ನೀರಿಗೆ ನಿರ್ಬಂಧವಿಲ್ಲದವರಿಗೆ ಸಾಕಷ್ಟು ನೀರು ಕುಡಿಸುವುದು.
3. ಬಿಗಿ ಕಾಲುಚೀಲಗಳು ಎಲ್ಲರಿಗೂ ಸೂಕ್ತವಲ್ಲ. ವೈದ್ಯರು ಸೂಚಿಸಿದಲ್ಲಿ ಮಾತ್ರ ತೊಡಿಸುವುದು.

ಔಷಧ ಸೇವನೆ:
ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ತಾವಾಗಿಯೇ ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಮಾಡಬಾರದು. ವಾರ್ಫರಿನ್ ಸೇವಿಸುವವರು ನಿಗದಿತ ದಿನಗಳಂದು ಐ.ಎನ್.ಆರ್. ರಕ್ತಪರೀಕ್ಷೆ ಮಾಡಿಸತಕ್ಕದ್ದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನೀಡಬಾರದು. ಮಲ ಕಪ್ಪಾದಲ್ಲಿ, ರಕ್ತಸ್ರಾವ ನಿಲ್ಲದಿದ್ದಲ್ಲಿ ಅಥವಾ ತಲೆಗೆ ಪೆಟ್ಟು ಬಿದ್ದಲ್ಲಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು.

ತುರ್ತು ಸಂದರ್ಭ:
ಹಠಾತ್ ಉಸಿರಾಟದ ತೊಂದರೆ, ಎದೆನೋವು, ಕೆಮ್ಮಿನಲ್ಲಿ ರಕ್ತ ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡುವುದು. ಆಸ್ಪತ್ರೆಗೆ ತೆರಳುವಾಗ ರೋಗಿಯ ಔಷಧ ಚೀಟಿಯನ್ನು ತಪ್ಪದೆ ಕೊಂಡೊಯ್ಯಲು ಕೋರಲಾಗಿದೆ.