ಉತ್ತರವನ್ನು ತಿಳಿಸುವ ಇಂಗ್ಲಿಷ್ ಕ್ರಿಯಾಪದಗಳು

ಪ್ರೌಢಶಾಲೆಯ ವಿದ್ಯಾರ್ಥಿಯ ಇಂಗ್ಲಿಷ್ ಬರಹದಲ್ಲಿ ಇಬ್ಬರು ಮಾತನಾಡತೊಡಗಿದರೆಂದರೆ ಅವನ ವ್ಯಾಕರಣದ ಪರೀಕ್ಷೆ ಅಲ್ಲಿಯೇ ಆಗಿಹೋಗುತ್ತದೆ. ‘ಹೀ ಸೆಡ್ ಮಿ’, ‘ಐ ಟೋಲ್ಡ್ ಟು ಹಿಮ್’, ‘ಷಿ ರಿಪ್ಲೈಡ್ ಮಿ’ ಎಂಬ ತಪ್ಪುಗಳಿಗೆ ಕೆಂಪು ಶಾಯಿ ಹಾಕದ ಅಧ್ಯಾಪಕರು ಗಡಿನಾಡಿನಲ್ಲಿ ಇರಲಾರರು. ಇವು ಅಜಾಗರೂಕತೆಯ ತಪ್ಪುಗಳಲ್ಲವೆಂಬುದನ್ನು ಮೊದಲು ಗಮನಿಸಬೇಕು. ಒಂದು ಭಾಷೆಯಲ್ಲಿ ಶುದ್ಧವಾದ ನಿಯಮವನ್ನು ಇನ್ನೊಂದರ ಮೇಲೆ ಹೇರಿದಾಗ ಹುಟ್ಟುವ ತಪ್ಪುಗಳು ಇವು. ಆದ್ದರಿಂದ ತಿದ್ದುವ ಮೊದಲು ಅವುಗಳ ಮೂಲವನ್ನು ಅರಿಯುವುದು ಯುಕ್ತ.

ಕನ್ನಡದಲ್ಲಿ ಒಬ್ಬನ ಮಾತನ್ನು ಉದ್ಧರಿಸಿದ ಮೇಲೆ ‘ಎಂದು’ ಎಂಬ ಪದವನ್ನು ಇಡುತ್ತೇವೆ. ಇದು ಬರಿಯ ಅವ್ಯಯದಂತೆ ತೋರಿದರೂ ‘ಎನ್’ ಧಾತುವಿನ ಕೃದಂತ; ಅಂದರೆ ಹೇಳುವ ಕ್ರಿಯೆ ಅದರಲ್ಲಿಯೇ ಮುಗಿದಿದೆ. ಹೀಗಾಗಿ ಅದರ ಮುಂದೆ ಯಾವ ಕ್ರಿಯಾಪದ ಬಂದರೂ ವಾಕ್ಯ ಕೆಡುವುದಿಲ್ಲ. ‘ಬಾ ಎಂದು ನಕ್ಕ’, ‘ಸಾಕು ಎಂದು ಎದ್ದ’, ‘ನಾಳೆ ನೋಡೋಣ ಎಂದು ಬಾಗಿಲು ಹಾಕಿಕೊಂಡ’ ಇವೆಲ್ಲ ಸಹಜವೇ. ತಮಿಳಿನ ‘ಎನ್ಱು’, ಮಲಯಾಳದ ‘ಎನ್ನ್’, ತೆಲುಗಿನ ‘ಅನಿ’ ಇವೂ ಇದೇ ಕೆಲಸವನ್ನು ಮಾಡುತ್ತವೆ. ಇಂಗ್ಲಿಷಿಗೆ ಈ ಸೌಕರ್ಯವಿಲ್ಲ. ಅಲ್ಲಿ ಮಾತಿನ ಭಾರವನ್ನು ವಾಕ್ಯದ ಮುಖ್ಯ ಕ್ರಿಯಾಪದವೇ ಹೊರಬೇಕು. ನಗುವುದು, ತಲೆಯಾಡಿಸುವುದು, ಭುಜ ಕುಣಿಸುವುದು ಮಾತಲ್ಲವಾದ್ದರಿಂದ ‘ಸ್ಮೈಲ್ಡ್’, ‘ನಾಡೆಡ್’, ‘ಷ್ರಗ್ಡ್’ ಎಂಬವುಗಳಿಂದ ಉದ್ಧೃತ ವಾಕ್ಯವನ್ನು ಮುಗಿಸಬಾರದೆಂದು ನಿಷ್ಠುರ ವೈಯಾಕರಣರು ವಿಧಿಸುತ್ತಾರೆ. ಇಂಗ್ಲಿಷ್ ಕಾದಂಬರಿಕಾರರು ಇದನ್ನು ಮೀರುವುದುಂಟು. ಅವರು ಮೀರಲಿ, ಹತ್ತನೆಯ ತರಗತಿಯವನು ಮೀರುವುದು ಬೇಡ.

ಇನ್ನು ವಿಭಕ್ತಿಯ ಮಾತು. ‘ನನಗೆ ಹೇಳಿದ’ ಎಂಬಲ್ಲಿಯ ಚತುರ್ಥಿ ‘ಸೆಡ್’ ಜತೆಗೆ ‘ಟು’ ಆಗಿ ಉಳಿಯುತ್ತದೆ, ‘ಟೋಲ್ಡ್’ ಜತೆಗೆ ಮಾಯವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಮಕ್ಕಳಿಗೆ ಇಲ್ಲಿ ಒಂದು ಆಸರೆಯಿದೆ. ಮರಾಠಿಯ ‘ಮ್ಹಣಣೆ’ ಮತ್ತು ‘ಸಾಂಗಣೆ’ಗಳ ಭೇದವನ್ನು ಅವರು ಬೀದಿಯಲ್ಲಿಯೇ ಕಲಿತಿರುತ್ತಾರೆ, ‘ಸೇ’ ಮತ್ತು ‘ಟೆಲ್’ಗಳ ಭೇದ ಬಹುಮಟ್ಟಿಗೆ ಅದೇ. ‘ಆಸ್ಕ್’ ವಿಷಯದಲ್ಲಿ ಸ್ಥಿತಿ ಬೇರೆ. ‘ನನ್ನನ್ನು ಕೇಳಿದ’ ಎನ್ನುವ ಹುಡುಗ ‘ಆಸ್ಕ್ಡ್ ಮಿ’ ಎಂದು ತಾನಾಗಿಯೇ ಬರೆಯುತ್ತಾನೆ. ಆದರೆ ಕಾಸರಗೋಡಿನಲ್ಲಿ ‘ನನ್ನಲ್ಲಿ ಕೇಳಿದ’ ಎಂಬುದೇ ರೂಢಿ. ಮಲಯಾಳದ ‘ಎನ್ನೋಡ್ ಚೋದಿಚ್ಚು’ ಇದಕ್ಕೆ ಬೆಂಬಲ ಕೊಡುತ್ತದೆ. ತಾಳವಾಡಿ, ಹೊಸೂರುಗಳಲ್ಲಿ ತಮಿಳಿನ ‘ಎನ್ನಿಡಂ ಕೇಟ್ಟಾನ್’ ಎಂಬುದೂ ಹಾಗೆಯೇ. ‘ಆಸ್ಕ್ಡ್ ಟು ಮಿ’ ಎಂಬ ಪ್ರಯೋಗಕ್ಕೆ ಇದರ ಬಲವಿದೆ. ಸಾಲದುದಕ್ಕೆ ನಮ್ಮ ‘ಕೇಳು’ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಒಂದೇ. ತಮಿಳಿನಲ್ಲಿಯೂ ಹಾಗೆಯೇ, ತೆಲುಗಿನಲ್ಲಿ ‘ವಿನು’ ಬೇರೆ, ‘ಅಡುಗು’ ಬೇರೆ. ಮಡಕಶಿರ, ರಾಯದುರ್ಗದ ಅಧ್ಯಾಪಕರು ಮಕ್ಕಳಿಗಿರುವ ತೆಲುಗಿನ ಜ್ಞಾನವನ್ನು ಇಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು.

ಉತ್ತರವಾಚಕಗಳಲ್ಲಿ ಮುಖ್ಯವಾದವು ‘ಆನ್ಸರ್’ ಮತ್ತು ‘ರಿಪ್ಲೈ’. ಮೊದಲನೆಯದು ಸಕರ್ಮಕ: ‘ಆನ್ಸರ್ ದಿ ಕ್ವೆಶ್ಚನ್’ ಎಂದರೆ ಸಾಕು. ‘ಪ್ರಶ್ನೆಗೆ’ ಎಂಬ ನಮ್ಮ ‘ಗೆ’ ಪ್ರತ್ಯಯವು ಹುಡುಗರ ಕೈಯಿಂದ ಅಲ್ಲೊಂದು ‘ಟು’ ಬರೆಯಿಸುತ್ತದೆ. ಎರಡನೆಯದು ‘ಟು’ ಇಲ್ಲದೆ ನಡೆಯದು. ‘ಆನ್ಸರ್’ ನಾಮಪದವಾದಾಗ ಮಾತ್ರ ‘ಟು’ ಬೇಕೆಂಬುದು ಗೊಂದಲವನ್ನು ಇಮ್ಮಡಿಸುತ್ತದೆ. ಇದನ್ನು ಬಾಯಿಪಾಠ ಮಾಡಿಸುವುದೇ ಲೇಸು. ‘ರಿಪ್ಲೈಡ್ ಬ್ಯಾಕ್’ ಎಂಬುದಂತೂ ಪುನರುಕ್ತಿ, ಏಕೆಂದರೆ ‘ಮರಳಿ’ ಎಂಬ ಅರ್ಥ ಆ ಪದದ ಮೊದಲಕ್ಷರದಲ್ಲಿಯೇ ಇದೆ.

ಈ ಪದಗಳ ಹುಟ್ಟು ಸ್ವಾರಸ್ಯವಾದುದು. ‘ಆನ್ಸರ್’ ಪ್ರಾಚೀನ ಇಂಗ್ಲಿಷಿನಲ್ಲಿ ‘ಎದುರಾಗಿ ಆಣೆಮಾಡಿ ನುಡಿದುದು’. ಆರೋಪ ಹೊತ್ತವನು ಕೊಡುತ್ತಿದ್ದ ಪ್ರಮಾಣವಚನ. ‘ರಿಪ್ಲೈ’ ಲ್ಯಾಟಿನ್ನಿನಲ್ಲಿ ‘ಹಿಂದಕ್ಕೆ ಮಡಿಸು’, ‘ರಿಸ್ಪಾಂಡ್’ ‘ಪ್ರತಿಯಾಗಿ ವಚನ ಕೊಡು’, ‘ರಿಟಾರ್ಟ್’ ‘ಹಿಂದಕ್ಕೆ ತಿರುಚು’. ಎದುರಾಳಿಯ ಬಾಣವನ್ನೇ ತಿರುಗಿಸಿ ಬಿಟ್ಟಂತಿದ್ದಲ್ಲದೆ ‘ರಿಟಾರ್ಟ್’ ಸಲ್ಲದೆಂಬುದನ್ನು ಈ ವ್ಯುತ್ಪತ್ತಿಯಿಂದಲೇ ತಿಳಿಸಬಹುದು. ‘ಗಂಟೆ ಎಷ್ಟು?’ ಎಂದವನಿಗೆ ‘ಐದು’ ಎಂದವನು ‘ರಿಟಾರ್ಟೆಡ್’ ಆಗುವುದಾದರೂ ಹೇಗೆ? ‘ರಿಪೋಸ್ಟ್’ ಕತ್ತಿವರಸೆಯಿಂದ ಬಂದುದು. ‘ರಿಜಾಯಿನ್’ ನ್ಯಾಯಾಲಯದ ಕೂಸು. ಇಂಗ್ಲೆಂಡಿನ ಹಳೆಯ ವ್ಯವಹಾರಪದ್ಧತಿಯಲ್ಲಿ ವಾದಿಯ ನಿವೇದನೆಗೆ ಪ್ರತಿವಾದಿಯ ‘ಪ್ಲೀ’, ಅದಕ್ಕೆ ವಾದಿಯ ‘ರೆಪ್ಲಿಕೇಷನ್’, ಅದಕ್ಕೆ ಪ್ರತಿವಾದಿಯ ‘ರಿಜಾಯಿಂಡರ್’, ಆ ಬಳಿಕ ‘ಸರ್‌ರಿಜಾಯಿಂಡರ್’, ‘ರಿಬಟರ್’, ‘ಸರ್‌ರಿಬಟರ್’ ಎಂದು ಏಳು ಮೆಟ್ಟಲು. ನಮ್ಮ ನ್ಯಾಯಾಲಯಗಳಲ್ಲಿ ಇಂದು ಎದುರು ಪಕ್ಷದ ಉತ್ತರಕ್ಕೆ ಅರ್ಜಿದಾರನು ಕೊಡುವ ಮರುತ್ತರವೇ ‘ರಿಜಾಯಿಂಡರ್’.

ಇಷ್ಟು ಪದಗಳಿವೆಯೆಂದು ಎಲ್ಲವನ್ನೂ ಒಂದೇ ಪುಟದಲ್ಲಿ ಸುರಿಯುವುದು ಹುಡುಗರ ಚಾಳಿ. ಅದಕ್ಕೆ ಹೆಚ್ಚು ಅಂಕ ಕೊಡುವುದು ಕೆಲವು ಅಧ್ಯಾಪಕರ ಚಾಳಿ. ಪದವನ್ನು ಮರುಕಳಿಸದಿರಲೆಂದೇ ಬೇರೆ ಪದ ಹುಡುಕುವ ಈ ದೋಷಕ್ಕೆ ಫೌಲರ್ ಸಹೋದರರು 1906ರಲ್ಲಿ ಪ್ರಕಟವಾದ ‘ದಿ ಕಿಂಗ್ಸ್ ಇಂಗ್ಲಿಷ್’ ಗ್ರಂಥದಲ್ಲಿ ‘ಎಲಿಗೆಂಟ್ ವೇರಿಯೇಷನ್’ ಎಂದು ಹೆಸರಿಟ್ಟರು. ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲೆನರ್ಡ್ 2001ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದ ಬರವಣಿಗೆಯ ನಿಯಮಗಳಲ್ಲಿ ಸಂಭಾಷಣೆಗೆ ‘ಸೆಡ್’ ಹೊರತು ಬೇರೆ ಕ್ರಿಯಾಪದವನ್ನೇ ಬಳಸಕೂಡದೆಂದು ವಿಧಿಸಿದನು. ಓದುಗನು ‘ಸೆಡ್’ ಎಂಬುದನ್ನು ವಿರಾಮಚಿಹ್ನೆಯಂತೆ ದಾಟಿಹೋಗುತ್ತಾನೆ. ಮಾತು ಮಾತ್ರ ಅವನ ಕಿವಿಯಲ್ಲಿ ಉಳಿಯುತ್ತದೆ. ಕುಮಾರವ್ಯಾಸನ ಎಷ್ಟೋ ಷಟ್ಪದಿಗಳು ‘ಎಂದ’ ಎಂದೇ ಮುಗಿಯುತ್ತವೆ, ಯಾರಿಗೂ ಬೇಸರವಾಗಿಲ್ಲ. ಲೆನರ್ಡನ ನಿಯಮ ತರಗತಿಗೆ ತುಸು ಕಠಿಣವೇ. ‘ಸೆಡ್’, ‘ಆಸ್ಕ್ಡ್’, ‘ರಿಪ್ಲೈಡ್’ ಇವು ಮೂರು ಕೈವಶವಾದ ಮೇಲೆ ಉಳಿದವುಗಳನ್ನು ಸಂದರ್ಭ ಬೇಡಿದಾಗ ಕಲಿಸಿದರೆ ಸಾಕೆಂಬುದು ನಮ್ಮ ಅಭಿಪ್ರಾಯ.

ಕಥೆಯಲ್ಲಿ ಪದ ತಪ್ಪಿದರೆ ಸೊಗಸು ಕೆಡುತ್ತದೆ. ವರದಿಯಲ್ಲಿ ತಪ್ಪಿದರೆ ಅರ್ಥವೇ ಕೆಡುತ್ತದೆ. ಇದು ಗಡಿನಾಡಿನ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದುದು. ಸಂವಿಧಾನದ 350ನೆಯ ಅನುಚ್ಛೇದವು ಒಕ್ಕೂಟದಲ್ಲಾಗಲಿ ಆಯಾ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಅಹವಾಲು ಸಲ್ಲಿಸಲು ಅವಕಾಶ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂಬ 350-ಎ ಅನುಚ್ಛೇದವು 1956ರ ಏಳನೆಯ ತಿದ್ದುಪಡಿಯಿಂದ ಬಂದಿತು. ಆದರೂ ವ್ಯವಹಾರದಲ್ಲಿ ನಮ್ಮ ಮನವಿಗಳೂ ಭೇಟಿಯ ಟಿಪ್ಪಣಿಗಳೂ ಬಹುಪಾಲು ಇಂಗ್ಲಿಷಿನಲ್ಲಿಯೇ ಸಾಗುತ್ತವೆ. ಕನ್ನಡ ಅಧ್ಯಾಪಕರ ಹುದ್ದೆಯೊಂದು ಖಾಲಿಯಿದೆಯೆಂದು ಅಧಿಕಾರಿಯೊಬ್ಬರನ್ನು ಕಂಡು ಬಂದೆವೆನ್ನೋಣ. ಖಾಲಿಯಿರುವುದು ನಿಜವೆಂದು ಅವರು ಒಪ್ಪಿದರೆ ‘ಅಡ್ಮಿಟೆಡ್’, ಖಾಲಿಯೇ ಇಲ್ಲವೆಂದರೆ ‘ಡಿನೈಡ್’, ತುಂಬುವುದಿಲ್ಲವೆಂದರೆ ‘ರೆಫ್ಯೂಸ್ಡ್’. ಕನ್ನಡದ ‘ನಿರಾಕರಿಸಿದರು’ ಎಂಬುದು ಕೊನೆಯ ಎರಡಕ್ಕೂ ಸಲ್ಲುವುದರಿಂದ ‘ಡಿನೈಡ್ ಟು ಫಿಲ್’ ಎಂಬ ವಿಚಿತ್ರ ವಾಕ್ಯ ಹುಟ್ಟುತ್ತದೆ. ‘ರೆಫ್ಯೂಟೆಡ್’ ಎಂದರೆ ಸುಳ್ಳೆಂದು ಸಾಧಿಸಿ ತೋರಿಸಿದರೆಂದೇ ಶಿಷ್ಟಾರ್ಥ. ಆ ಪದವನ್ನು ಬರೆದರೆ ನಮ್ಮ ಮೊಕದ್ದಮೆಯನ್ನು ನಾವೇ ಸೋತಂತೆ. ‘ಕ್ಲೇಮ್ಡ್’ ಎಂಬುದರಲ್ಲಿ ಬರೆದವನ ಸಂಶಯವಿದೆ, ‘ಪಾಯಿಂಟೆಡ್ ಔಟ್’ ಎಂಬುದರಲ್ಲಿ ಸಮ್ಮತಿಯಿದೆ. ಮನವಿ ತಲಪಿದೆಯೆಂದು ತಿಳಿಸುವ ಕಾಗದ ‘ಅಕ್ನಾಲೆಜ್ಡ್’ ಮಾತ್ರ, ‘ರಿಪ್ಲೈಡ್’ ಅಲ್ಲ.

ಎಲ್ಲಕ್ಕಿಂತ ಜೋಪಾನವಾಗಿ ಬಳಸಬೇಕಾದುದು ‘ಅಷೂರ್ಡ್’. ‘ನೋಡೋಣ’ ಎಂದವರನ್ನು ‘ಅಷೂರ್ಡ್’ ಎಂದು ಬರೆದುಕೊಂಡು ಬಂದರೆ ಮುಂದಿನ ವರ್ಷ ಅವರು ‘ನಾನು ಹಾಗೆ ಹೇಳಲಿಲ್ಲ’ ಎಂದಾರು, ಮತ್ತು ಹಾಗೆ ಹೇಳುವುದು ನ್ಯಾಯವೂ ಆದೀತು. ‘ಸೆಡ್ ದಟ್ ಹೀ ವುಡ್ ಕನ್ಸಿಡರ್ ಇಟ್’ ಎಂದು ಬರೆದು, ಕೆಳಗೆ ತಾರೀಕು ಹಾಕಿ, ಅದರ ಪ್ರತಿಯನ್ನು ಅವರಿಗೇ ಕಳುಹಿಸಿದರೆ ಮುಂದಿನ ಭೇಟಿಗೆ ಕಾಲೂರಲು ಒಂದು ನೆಲ ದೊರೆಯುತ್ತದೆ.