ನೀರೊಳಗಣ ವಿಷಕ್ಕೆ ಹೊನ್ನಿನ ಸಾಕ್ಷಿ

2014ನೆಯ ಇಸವಿಯ ಆಗಸ್ಟ್ ತಿಂಗಳ ಆರಂಭದಲ್ಲಿ, ಅಮೆರಿಕದ ಓಹಾಯೊ ಪ್ರಾಂತದ ಟೊಲೀಡೊ ನಗರದ ನೀರು ಸರಬರಾಜು ಕೇಂದ್ರವನ್ನೇ ನೆಚ್ಚಿಕೊಂಡಿದ್ದ ನಾಲ್ಕು ಲಕ್ಷ ಜನರಿಗೆ, ನಲ್ಲಿಯ ನೀರನ್ನು ಕುಡಿಯಕೂಡದು, ಕುದಿಸಿಯೂ ಕುಡಿಯಕೂಡದು ಎಂಬ ಆಜ್ಞೆ ಹೊರಟಿತು. ಈರಿ ಸರೋವರದಲ್ಲಿ ಹಬ್ಬಿದ ನೀಲಿಹಸಿರು ಪಾಚಿಯಿಂದ ಹುಟ್ಟಿದ ಯಕೃತ್ತಿಗೆ ಹಾನಿಕರವಾದ ಮೈಕ್ರೊಸಿಸ್ಟಿನ್ ಎಂಬ ವಿಷವು ಶುದ್ಧೀಕರಿಸಿದ ನೀರಿನಲ್ಲಿಯೂ ಕಾಣಿಸಿಕೊಂಡಿತ್ತು. ಕುದಿಸಿದರೆ ಅದು ಅಳಿಯದೆ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಈ ವಿಷದ ಪ್ರಮುಖ ರೂಪಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ಸೂಚಿಸಿರುವ ದೀರ್ಘಕಾಲದ ಮಿತಿಯು ಲೀಟರಿಗೆ 1 ಮೈಕ್ರೊಗ್ರಾಂ, ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು.

ಇಷ್ಟು ಅಲ್ಪವಾದುದನ್ನು ಅರಸುವುದಕ್ಕೆ, ಪ್ರಾಣಿದೇಹವು ಪರಕೀಯ ವಸ್ತುಗಳನ್ನು ಎದುರಿಸಲೆಂದು ನಿರ್ಮಿಸಿಕೊಳ್ಳುವ ಪ್ರತಿಕಾಯಗಳನ್ನೇ ನಿಯೋಜಿಸಿ, ಅವುಗಳ ಬಂಧವನ್ನು ಕಿಣ್ವವು ಬರಿಸುವ ಬಣ್ಣದಿಂದ ಅಳೆಯುವ ಎಲೈಸಾ ಎಂಬ ವಿಧಾನವನ್ನು 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಪ್ರಕಟಿಸಿದರು. ಆದರೆ ಮೈಕ್ರೊಸಿಸ್ಟಿನ್ನಿನಂತೆ, ಕೀಟನಾಶಕಗಳಂತೆ, ಗಾತ್ರದಲ್ಲಿ ಕಿರಿದಾದ ಅಣುವನ್ನು ಎರಡು ಪ್ರತಿಕಾಯಗಳು ಏಕಕಾಲದಲ್ಲಿ ಹಿಡಿಯುವುದು ಬಹಳ ಕಷ್ಟವಾದುದರಿಂದ, ನೀರಿನಲ್ಲಿರುವ ವಿಷಕ್ಕೂ ಕಿಣ್ವದ ಗುರುತು ಕಟ್ಟಿದ ಅದೇ ಬಗೆಯ ವಿಷಕ್ಕೂ ಪರಿಮಿತವಾದ ಪ್ರತಿಕಾಯಗಳಿಗಾಗಿ ಸ್ಪರ್ಧೆಯೊಡ್ಡುತ್ತಾರೆ. ವಿಷ ಹೆಚ್ಚಿದಷ್ಟೂ ಬಣ್ಣ ಕುಂದುತ್ತದೆ. ಲೇಶಮಾತ್ರದ ವಿಷವು ಉಂಟುಮಾಡುವ ಲೇಶಮಾತ್ರದ ಕುಂದು ಎದ್ದು ಕಾಣಬೇಕಾದರೆ ಪ್ರತಿಕಾಯವನ್ನೂ ಗುರುತನ್ನೂ ಅತ್ಯಂತ ಮಿತವಾಗಿ ಬಳಸಬೇಕು. ಹಾಗೆ ಬಳಸಿದರೆ ಬಣ್ಣವೇ ಮಸುಕಾಗುತ್ತದೆ.

ಈ ಇಕ್ಕಟ್ಟಿನಲ್ಲಿ ನ್ಯಾನೊಕಣಗಳು ನೆರವಿಗೆ ಬರುತ್ತವೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೊಮೀಟರು. ಕೆಲವು ಹತ್ತು ನ್ಯಾನೊಮೀಟರುಗಳಷ್ಟೇ ಅಗಲವಿರುವ ಚಿನ್ನದ ಕಣಗಳು ನೀರಿನಲ್ಲಿ ಮಾಣಿಕ್ಯದ ಕೆಂಪನ್ನು ತಾಳುವುದನ್ನು ಮೈಕೇಲ್ ಫ್ಯಾರಡೆ 1857ರಷ್ಟು ಹಿಂದೆಯೇ ವಿವೇಚಿಸಿದ್ದನು. ಒಂದೊಂದು ಕಣದ ವರ್ಣವೂ ಪ್ರಖರವಾದುದರಿಂದ, ಕಿಣ್ವದ ಬದಲು ಈ ಕಣಗಳನ್ನೇ ಗುರುತಾಗಿ ಕಟ್ಟಿದರೆ, ಪರೀಕ್ಷೆಯ ಕಾಗದದ ಪಟ್ಟಿಯ ಮೇಲೆ ಕೆಲವೇ ಪ್ರತಿಕಾಯಗಳಿದ್ದರೂ ಗೆರೆ ಬರಿಗಣ್ಣಿಗೆ ತೋರುತ್ತದೆ. ಪ್ರತಿಕಾಯ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಕಣಗಳ ಉಪಕಾರವಂತೂ ನನ್ನ ಎಣಿಕೆಯಲ್ಲಿ ಇನ್ನೂ ಹಿರಿದು: ಅವು ಹೆಚ್ಚು ನೀರಿನಲ್ಲಿ ಚದುರಿದ ವಿಷವನ್ನು ಹಿಡಿದು, ಆಯಸ್ಕಾಂತದ ಸೆಳೆತಕ್ಕೆ ಒಂದೆಡೆ ಕೂಡಿ, ಕೆಸರನ್ನೂ ಲವಣವನ್ನೂ ಹಿಂದೆ ಬಿಟ್ಟುಬರುತ್ತವೆ.

ವಿಷದ ಗುರುತು ಹಿಡಿಯುವುದು ಮಾತ್ರ ಇಂದಿಗೂ ಪ್ರತಿಕಾಯವೇ. ಕಣದ ಮೇಲೆ ಅದು ಓರೆಯಾಗಿ ಕುಳಿತು ಅದರ ಹಿಡಿಯುವ ತುದಿಯೇ ಮರೆಯಾದರೆ ಚಿನ್ನವು ನಿಷ್ಪ್ರಯೋಜಕ. ಲವಣ ಹೆಚ್ಚಿದ ನೀರಿನಲ್ಲಿ ಕಣಗಳು ಗುಂಪುಗೂಡಿ ಕೆಂಪು ನೀಲಿಗೆ ತಿರುಗುವುದೂ, ಕೊಳೆತ ಎಲೆಗಳ ಸಾರವು ಬಂಧಕ್ಕೆ ಅಡ್ಡಬರುವುದೂ ಉಂಟು. ಆದುದರಿಂದ ಬಟ್ಟಿಯಿಳಿಸಿದ ನೀರಿನಲ್ಲಿ ಸಾಧಿಸಿದ ಅದ್ಭುತ ಸೂಕ್ಷ್ಮತೆಗಿಂತ, ಪಾಚಿಗಟ್ಟಿದ ಕೆರೆಯ ನೀರಿನಲ್ಲಿ ದೊರೆತ ಸಾಧಾರಣ ಫಲಿತಾಂಶವನ್ನೇ ನಾನು ಹೆಚ್ಚು ಗೌರವಿಸುತ್ತೇನೆ. ಅಂತಿಮ ನಿರ್ಣಯಕ್ಕೆ ದೊಡ್ಡ ಪ್ರಯೋಗಾಲಯದ ದ್ರವ್ಯರಾಶಿ ರೋಹಿತಮಾಪಕವು ಬೇಕೇ ಬೇಕು. ಅಲ್ಲಿಗೆ ಯಾವ ಸೀಸೆಯನ್ನು ತಡಮಾಡದೆ ಕಳುಹಿಸಬೇಕೆಂಬುದನ್ನು ನೀರು ಸರಬರಾಜು ಕೇಂದ್ರದ ನೌಕರನು ಕೆಲವು ನಿಮಿಷಗಳೊಳಗೆ ಈ ಕಾಗದದ ಪಟ್ಟಿಯಿಂದ ತಿಳಿಯಬಲ್ಲನು.