ಆನೋಡ್ ಪ್ಲಸ್ಸೋ ಮೈನಸ್ಸೋ?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪರೀಕ್ಷೆ ಹತ್ತಿರ ಬಂತೆಂದರೆ ಹಾಸ್ಟೆಲುಗಳ ಓದುಕೋಣೆಯಲ್ಲಿ ಈ ಜಗಳ ಒಮ್ಮೆಯಾದರೂ ಏಳುತ್ತದೆ. ಒಬ್ಬಳು ಪ್ಲಸ್ ಎನ್ನುತ್ತಾಳೆ, ಇನ್ನೊಬ್ಬಳು ಮೈನಸ್ ಎನ್ನುತ್ತಾಳೆ, ಇಬ್ಬರ ಕೈಯಲ್ಲೂ ಒಂದೇ ಪಠ್ಯಪುಸ್ತಕ. ನಿಜವೆಂದರೆ ಇಬ್ಬರೂ ಸರಿ. ಡೇನಿಯಲ್ ಸೆಲ್‌ನಲ್ಲಿ ಸತುವಿನ ಪಟ್ಟಿ ತಾನಾಗಿಯೇ ಕರಗುತ್ತ ಎಲೆಕ್ಟ್ರಾನುಗಳನ್ನು ಹಿಂದೆ ಬಿಡುತ್ತದೆ. ಹಾಗಾಗಿ ಅಲ್ಲಿ ಆನೋಡ್ ಮೈನಸ್. ವಿದ್ಯುದ್ವಿಭಜನೆಯಲ್ಲಿ ಹೊರಗಿನ ಬ್ಯಾಟರಿ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಆನೋಡ್ ಪ್ಲಸ್. ಎರಡು ಕಡೆಯೂ ಬದಲಾಗದ್ದು ಒಂದೇ, ಆಕ್ಸಿಡೇಶನ್ ನಡೆಯುವ ಜಾಗವೇ ಆನೋಡ್.

ಒಬ್ಬರೇ ಕೂತು ಓದುವಾಗ ಈ ಗಂಟು ಕಣ್ಣಿಗೆ ಬೀಳುವುದೇ ಕಡಿಮೆ. ಒಂದು ಪುಟದಲ್ಲಿ ಮೈನಸ್ ಎಂದು ಓದಿ ತಲೆಯಾಡಿಸುತ್ತೇವೆ, ಹತ್ತು ಪುಟ ಕಳೆದ ಮೇಲೆ ಪ್ಲಸ್ ಎಂದು ಓದಿ ಮತ್ತೆ ತಲೆಯಾಡಿಸುತ್ತೇವೆ. ಎದುರಿಗೆ ಒಬ್ಬರು ಕೂತು 'ಅದು ಹೇಗೆ?' ಎಂದು ಕೇಳಿದಾಗ ಮಾತ್ರ ಗಂಟು ಬಿಚ್ಚಲೇಬೇಕಾಗುತ್ತದೆ.

ಕಂಬೈಂಡ್ ಸ್ಟಡಿ ಎಂದರೆ ಮನೆಯವರಿಗೆ ಅನುಮಾನ. ಪುಸ್ತಕ ಹಿಡಿದು ಗೆಳೆಯರ ಮನೆಗೆ ಹೋದ ಮಕ್ಕಳು ಹರಟೆ ಹೊಡೆದು ಬರುತ್ತಾರೆ ಎಂಬ ದೂರು ಎಲ್ಲ ಊರಿನಲ್ಲೂ ಇದೆ. ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಹೂಂ ಎನ್ನುವುದು, ಇಷ್ಟೇ ಆದರೆ ಅದು ಹರಟೆಗಿಂತ ಹೆಚ್ಚೇನಲ್ಲ. ಆದರೆ ಕ್ರಮವರಿತು ಮಾಡಿದರೆ ರಸಾಯನಶಾಸ್ತ್ರದಷ್ಟು ಗುಂಪಿನ ಓದಿಗೆ ಒಗ್ಗುವ ವಿಷಯ ಬೇರೊಂದಿಲ್ಲ ಎನ್ನಬೇಕು.

ಅದಕ್ಕೆ ಕಾರಣ ಈ ವಿಷಯದ ಗುಣದಲ್ಲೇ ಇದೆ. ಗ್ಲಾಸ್ಗೊ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ರಸಾಯನಶಾಸ್ತ್ರ ಮಕ್ಕಳಿಗೆ ಏಕೆ ಕಷ್ಟ ಎಂಬುದನ್ನು ವರ್ಷಗಟ್ಟಲೆ ಪರಿಶೀಲಿಸಿದವರು. ಈ ವಿಷಯ ಏಕಕಾಲಕ್ಕೆ ಮೂರು ನೆಲೆಗಳಲ್ಲಿ ನಡೆಯುತ್ತದೆ ಎಂದು ಅವರು 1991ರಲ್ಲಿ ವಿವರಿಸಿದರು. ಕಣ್ಣಿಗೆ ಕಾಣುವ ಬಣ್ಣ, ಗುಳ್ಳೆ, ವಾಸನೆ ಒಂದು; ಕಾಣದ ಅಣು ಅಯಾನುಗಳು ಇನ್ನೊಂದು; ಹಲಗೆಯ ಮೇಲಿನ ಸೂತ್ರ, ಸಮೀಕರಣ ಮೂರನೆಯದು. ಮೇಷ್ಟ್ರು ಒಂದೇ ವಾಕ್ಯದಲ್ಲಿ ಮೂರಕ್ಕೂ ಓಡಾಡಿ ಬರುತ್ತಾರೆ, ಹೊಸಬರು ನಡುವೆ ಎಲ್ಲೋ ಕಳೆದುಹೋಗುತ್ತಾರೆ. ನಾಲ್ವರು ಕೂತಾಗ ಒಬ್ಬರಿಗೆ ಸಮೀಕರಣ ಸರಾಗ, ಇನ್ನೊಬ್ಬರಿಗೆ ಲ್ಯಾಬಿನಲ್ಲಿ ಕಂಡದ್ದು ನೆನಪು. ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ತುಂಬುತ್ತಾರೆ.

ಲೆಕ್ಕದ ಉದಾಹರಣೆ ನೋಡಿ. ಫಸ್ಟ್ ಆರ್ಡರ್ ಕ್ರಿಯೆಯೊಂದರ ಅರ್ಧಾಯುಷ್ಯ 10 ನಿಮಿಷ, ಶೇ. 75ರಷ್ಟು ಮುಗಿಯಲು ಎಷ್ಟು ಹೊತ್ತು? 15 ನಿಮಿಷ ಎಂಬ ಉತ್ತರ ಬಾಯಿಗೆ ಬಂದುಬಿಡುತ್ತದೆ. ಅರ್ಧಕ್ಕೆ 10, ಅದರರ್ಧಕ್ಕೆ 5 ಎಂಬ ತರ್ಕ. ಆಗ ಪಕ್ಕದವರು ಕೇಳಬೇಕಾದ ಪ್ರಶ್ನೆ ಇಷ್ಟೇ: ಮೊದಲ ಹತ್ತು ನಿಮಿಷ ಕಳೆದ ಮೇಲೆ ಉಳಿದದ್ದೆಷ್ಟು, ಆ ಉಳಿದದ್ದು ಅರ್ಧವಾಗಲು ಎಷ್ಟು ಹೊತ್ತು? ಫಸ್ಟ್ ಆರ್ಡರ್‌ನಲ್ಲಿ ಅರ್ಧಾಯುಷ್ಯ ಆರಂಭದ ಪ್ರಮಾಣವನ್ನು ಅವಲಂಬಿಸುವುದಿಲ್ಲ, ಆದ್ದರಿಂದ ಮತ್ತೆ ಹತ್ತೇ ನಿಮಿಷ. ಒಟ್ಟು 20. ಶೇ. 99.9ರಷ್ಟು ಮುಗಿಯಲು ಸುಮಾರು ಹತ್ತು ಅರ್ಧಾಯುಷ್ಯ ಬೇಕು ಎಂಬ ಪಠ್ಯದ ಲೆಕ್ಕವೂ ಇದೇ ದಾರಿಯಲ್ಲಿ ಬಿಡಿಸಿಕೊಳ್ಳುತ್ತದೆ. ಅರ್ಧದ ಅರ್ಧ ಮಾಡುತ್ತ ಹತ್ತು ಸಲ ಹೋದರೆ ಉಳಿಯುವುದು 1024ರಲ್ಲಿ ಒಂದು ಪಾಲು.

ಇನ್ನು ಪುಸ್ತಕ ಮುಚ್ಚುವ ಮಾತು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ತಂಡ ಪಾಠವೊಂದನ್ನು ನಾಲ್ಕು ಅವಧಿಗಳಲ್ಲೂ ಓದಿತು. ಮತ್ತೊಂದು ತಂಡ ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರದೇ ಮೇಲುಗೈ. ಒಂದು ವಾರದ ಬಳಿಕ ಲೆಕ್ಕ ತಿರುಗಿತು: ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 40, ನೆನಪಿಸಿಕೊಂಡು ಬರೆದವರಿಗೆ ಶೇ. 61. ತಮಗೆ ಹೆಚ್ಚು ನೆನಪಿರುತ್ತದೆ ಎಂದು ಮೊದಲೇ ನಂಬಿದ್ದವರು ಮಾತ್ರ ಬರೀ ಓದಿದವರೇ. ಹಳದಿ ಪೆನ್ನಿನಿಂದ ಪುಟ ತುಂಬ ಗೆರೆ ಎಳೆದು 'ಎಲ್ಲ ಬರುತ್ತದೆ' ಎಂದುಕೊಳ್ಳುವ ಪ್ರತಿ ವಿದ್ಯಾರ್ಥಿಗೂ ಈ ಸಂಗತಿ ತಿಳಿದಿರಬೇಕು.

ಆರ್ಗ್ಯಾನಿಕ್ ಭಾಗದ ನೇಮ್ಡ್ ರಿಯಾಕ್ಷನ್‌ಗಳಿಗೆ ಇದು ಹೇಳಿ ಮಾಡಿಸಿದ ದಾರಿ. ಸ್ಯಾಂಡ್‌ಮೆಯರ್, ರೈಮರ್-ಟೀಮನ್, ವಿಲಿಯಮ್ಸನ್, ಕ್ಯಾನಿಝಾರೊ ಎಂದು ಒಬ್ಬರು ಹೆಸರು ಕೂಗುವುದು, ಉಳಿದವರು ಪುಸ್ತಕ ನೋಡದೆ ಸಮೀಕರಣ ಬರೆಯುವುದು, ಆಮೇಲೆ ಹಾಳೆ ಅದಲುಬದಲು ಮಾಡಿ ತಿದ್ದುವುದು. ತಿದ್ದುವಾಗ ಕಾರಣವನ್ನೂ ಕೇಳಬೇಕು. ಕ್ಯಾನಿಝಾರೊ ಕ್ರಿಯೆ ಫಾರ್ಮಾಲ್ಡಿಹೈಡ್‌ನಲ್ಲಿ ನಡೆಯುತ್ತದೆ, ಅಸಿಟಾಲ್ಡಿಹೈಡ್‌ನಲ್ಲಿ ಯಾಕಿಲ್ಲ? ಆಲ್ಫಾ ಹೈಡ್ರೋಜನ್ ಇರುವ ಅಸಿಟಾಲ್ಡಿಹೈಡ್ ಆಲ್ಡಾಲ್ ದಾರಿ ಹಿಡಿಯುತ್ತದೆ. ಕಾರಣ ಬಂದರೆ ಎರಡು ಕ್ರಿಯೆಗಳನ್ನು ಬೇರೆಬೇರೆ ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ.

ಗುಂಪಿಗೂ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಹಲವರು ಕೂಡಿ ಒಟ್ಟಿಗೇ ನೆನಪಿಸಿಕೊಳ್ಳಲು ಹೊರಟರೆ, ಅಷ್ಟೇ ಮಂದಿ ಒಬ್ಬೊಬ್ಬರಾಗಿ ಬರೆದು ಪಟ್ಟಿಗಳನ್ನು ಸೇರಿಸಿದಾಗ ಸಿಗುವುದಕ್ಕಿಂತ ಕಡಿಮೆ ಸಿಗುತ್ತದೆ ಎಂದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಒಬ್ಬರ ಮಾತು ಇನ್ನೊಬ್ಬರ ನೆನಪಿನ ಎಳೆಯನ್ನು ಕಡಿಯುತ್ತದೆ. ಚುರುಕಾದವರು ಉತ್ತರ ಹೇಳಿಬಿಟ್ಟರೆ ನಿಧಾನಿಗಳಿಗೆ ಯೋಚಿಸುವ ಅವಕಾಶವೇ ಇಲ್ಲ. ಮೊದಲು ಒಬ್ಬೊಬ್ಬರೇ ಬರೆದು ಆಮೇಲೆ ಬಾಯಿ ತೆರೆದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಈ ಕ್ರಮವನ್ನು ಯಾರೂ ಕಲಿಸದೆಯೇ ಕಂಡುಕೊಂಡವರಿದ್ದಾರೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್‌ಮನ್ ಕ್ಯಾಲ್ಕುಲಸ್ ವಿದ್ಯಾರ್ಥಿಗಳ ಓದನ್ನು ಹತ್ತಿರದಿಂದ ಗಮನಿಸಿದರು. ಚೀನೀ ಮೂಲದ ಮಕ್ಕಳು ಲೆಕ್ಕಗಳನ್ನು ಒಬ್ಬೊಬ್ಬರೇ ಮಾಡಿ, ನಂತರ ಒಟ್ಟಿಗೆ ಕೂತು ತಾಳೆ ನೋಡುತ್ತಿದ್ದರು, ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಪರಸ್ಪರ ಪರೀಕ್ಷಿಸುತ್ತಿದ್ದರು. ಕಪ್ಪು ಜನಾಂಗದ ಮಕ್ಕಳು ಅಷ್ಟೇ ಶ್ರಮಪಟ್ಟು, ಆದರೆ ಒಂಟಿಯಾಗಿ ಓದಿ ಸೋಲುತ್ತಿದ್ದರು. ಅವರಿಗಾಗಿ ಟ್ರೈಸ್‌ಮನ್ ಕಠಿಣ ಲೆಕ್ಕಗಳ ಗುಂಪು ಕಮ್ಮಟ ಕಟ್ಟಿದಾಗ ಫಲಿತಾಂಶ ಎದ್ದು ಕಾಣುವಂತೆ ಸುಧಾರಿಸಿತು. 1990ರ ದಶಕದಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ಇಂಥದೇ ಕ್ರಮವನ್ನು ರಸಾಯನಶಾಸ್ತ್ರಕ್ಕೆ ತಂದಿತು. ಆರೆಂಟು ಮಂದಿಯ ಗುಂಪು, ಹಿಂದೆ ಅದೇ ಪಾಠವನ್ನು ಚೆನ್ನಾಗಿ ಮುಗಿಸಿದ ಹಿರಿಯ ವಿದ್ಯಾರ್ಥಿಯೊಬ್ಬರ ಮುಂದಾಳತ್ವ. ಆ ಹಿರಿಯರ ಕೆಲಸ ಉತ್ತರ ಹೇಳುವುದಲ್ಲ, ಎಲ್ಲರೂ ಮಾತಾಡುವಂತೆ ನೋಡಿಕೊಳ್ಳುವುದು.

ಕರ್ನಾಟಕದಲ್ಲಿ ಗುಂಪಿನ ಓದಿಗೆ ಇನ್ನೊಂದು ಹೊಣೆಯೂ ಬಿದ್ದಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಪಿಯುಸಿಗೆ ಬಂದೊಡನೆ ಇಂಗ್ಲಿಷ್ ಪಠ್ಯದೆದುರು ಕೂರುತ್ತದೆ. ತರಗತಿಯಲ್ಲಿ ಕೈಯೆತ್ತಲು ಹಿಂಜರಿಯುವ ಆ ಮಗು ಬಿಸಿಎಂ ಹಾಸ್ಟೆಲಿನ ಕೋಣೆಯಲ್ಲಿ, 'ಅಕ್ಕಾ, ಇದೊಂದ್ಸಲ ಕನ್ನಡದಾಗ ಹೇಳು' ಎಂದು ಸಂಕೋಚವಿಲ್ಲದೆ ಕೇಳುತ್ತದೆ. ಪರೀಕ್ಷೆಯಲ್ಲಿ ಬರೆಯುವ ವಾಕ್ಯ ಇಂಗ್ಲಿಷಿನದೇ ಆದರೂ ಅರ್ಥವಾದದ್ದು ಈ ಮಾತಿನಲ್ಲಿ. ಹೇಳಿಕೊಟ್ಟ ಅಕ್ಕನಿಗೂ ಲಾಭವೇ. ತಾನು ಇನ್ನೊಬ್ಬರಿಗೆ ಕಲಿಸಬೇಕಾಗುತ್ತದೆ ಎಂದುಕೊಂಡು ಓದಿದವರಿಗೆ ಪಾಠದ ಮುಖ್ಯಾಂಶಗಳು ಹೆಚ್ಚು ನೆನಪಿರುತ್ತವೆ ಎಂಬುದನ್ನು 2014ರ ಅಧ್ಯಯನವೊಂದು ತೋರಿಸಿತ್ತು.

ಥಿಯರಿಗೆ 70 ಅಂಕವಾದರೆ ಪ್ರಾಯೋಗಿಕಕ್ಕೆ 30. ಆ ಮೂವತ್ತಕ್ಕೂ ಜೊತೆಗಾರರು ಬೇಕು. ಪರ್ಮ್ಯಾಂಗನೇಟ್ ಟೈಟ್ರೇಶನ್‌ನಲ್ಲಿ ಆಕ್ಸಾಲಿಕ್ ಆಮ್ಲವನ್ನು ಬಿಸಿಮಾಡುತ್ತೇವೆ, ಮೋರ್ಸ್ ಸಾಲ್ಟ್ ದ್ರಾವಣವನ್ನು ಬಿಸಿಮಾಡುವುದಿಲ್ಲ, ಯಾಕೆ? ಮೊದಲನೆಯದು ತಣ್ಣಗಿದ್ದರೆ ಕ್ರಿಯೆ ತೀರಾ ನಿಧಾನ. ಎರಡನೆಯದು ಬಿಸಿಯಾದರೆ ಫೆರಸ್ ಅಯಾನು ಗಾಳಿಯ ಆಮ್ಲಜನಕದಿಂದಲೇ ಆಕ್ಸಿಡೈಸ್ ಆಗಿಬಿಡುತ್ತದೆ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೇನು? ಪರ್ಮ್ಯಾಂಗನೇಟ್ ಅದನ್ನೂ ಕ್ಲೋರಿನ್ ಮಾಡುತ್ತ ತಾನೇ ಖರ್ಚಾಗಿ ಓದುವ ಅಳತೆ ತಪ್ಪುತ್ತದೆ. ವೈವಾದ ಈ ಪ್ರಶ್ನೆಗಳನ್ನು ಇಬ್ಬರು ಎದುರುಬದುರು ಕೂತು ಕೇಳಿಕೊಂಡಷ್ಟು ಚೆನ್ನಾಗಿ ಗೈಡ್ ಪುಸ್ತಕ ಕಲಿಸಲಾರದು.

2024ರಲ್ಲಿ ರಾಜ್ಯದಲ್ಲಿ ಪೂರಕ ಪರೀಕ್ಷೆಯ ಹೆಸರು ಹೋಗಿ ಪರೀಕ್ಷೆ-1, 2, 3 ಎಂಬ ವ್ಯವಸ್ಥೆ ಬಂತು. ಸೋತವರಿಗೆ ಇದು ಒಳ್ಳೆಯ ಅವಕಾಶ. ಆದರೆ ಎರಡನೆಯ ಪರೀಕ್ಷೆಗೆ ಕೂರುವ ಹೊತ್ತಿಗೆ ಗುಂಪು ಚದುರಿರುತ್ತದೆ. ಗೆಳೆಯರು ಸಿಇಟಿ, ನೀಟ್ ಎಂದು ಹೋಗಿರುತ್ತಾರೆ, ಉಳಿದವರು ಊರಿನ ಮನೆಯಲ್ಲಿ ಒಬ್ಬರೇ ಅದೇ ಪುಸ್ತಕ ತೆರೆದು ಕೂತಿರುತ್ತಾರೆ. ಜೊತೆ ಎಲ್ಲರಿಗಿಂತ ಹೆಚ್ಚು ಬೇಕಾದವರು ಇವರೇ. ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜೊಂದು ಆ ವಾರಗಳಲ್ಲಿ ದಿನಕ್ಕೆರಡು ಗಂಟೆ ಒಂದು ಕೋಣೆ ತೆರೆದಿಟ್ಟು, ಹಲಗೆ, ಸೀಮೆಸುಣ್ಣ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಒದಗಿಸಿ, ಹಿಂದಿನ ವರ್ಷ ಪಾಸಾಗಿ ಊರಲ್ಲೇ ಬಿಎಸ್‌ಸಿ ಓದುತ್ತಿರುವ ಒಬ್ಬರನ್ನು ಕರೆದು ಕೂರಿಸಿದರೆ, ಸಿಟಿ ಕಾಲೇಜಿನಲ್ಲಿ ನಡೆದದ್ದು ಇಲ್ಲಿಯೂ ನಡೆಯಬಲ್ಲದು.